ಇನ್ನೂರ ಹನ್ನೆರಡು ಹಾಳೆ

"ಥೂ, ಗಬ್ಬು ನಾತ! ಮೈ ತೊಳ್ಕೊಂಡು ಬಂದಿದ್ದೀಯೇನೇ? ಮಿಷನ್ ಹತ್ರ ಬರಬೇಡ, ಅಲ್ಲೇ ನಿಂತ್ಕೋ," ಎಂದು ತಹಶೀಲ್ದಾರ್ ಜ್ಞಾನಸಂಬಂಧಂ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡರು.

ತವಮಣಿ ಬಾಗಿಲಲ್ಲೇ ನಿಂತಳು. ತಲೆಯ ಮೇಲೆ ಹಳೆಯ ರಿಜಿಸ್ಟರುಗಳ ಗಂಟು. ಹತ್ತೊಂಬತ್ತು ವರ್ಷದಿಂದ ಆ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ದಿನಗೂಲಿಗೆ ದುಡಿಯುತ್ತಿದ್ದಳು. ನಾತ ಬರುತ್ತಿದ್ದದ್ದು ಗಂಟಿನಿಂದ. ಇಲಿ ಹಿಕ್ಕೆ, ಗೆದ್ದಲು ಮಣ್ಣು, ಹುಳ ಬೀಳದಂತೆ ಎರಚಿದ ಬಿಳಿ ಪುಡಿ. ಆ ಪುಡಿಯನ್ನು ಬರಿಗೈಯಲ್ಲಿ ಎರಚುವವಳೂ ಅವಳೇ. ಆದರೆ ನಾರುವವಳು ಚೇರಿಯ, ಅಂದರೆ ಊರಾಚೆಯ ದಲಿತರ ಕೇರಿಯ, ಹೆಂಗಸೇ ಎಂದು ಇಲ್ಲಿಗೆ ಬಂದು ಹೋದ ಹನ್ನೊಂದು ಸಾಹೇಬರ ಮೂಗುಗಳೂ ಒಂದೇ ತೀರ್ಪು ಕೊಟ್ಟಿದ್ದವು.

ಮೇಜಿನ ಮೇಲೆ ಎರಡು ಸ್ಕ್ಯಾನರುಗಳಿದ್ದವು. ಹಳೆಯ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಕಚೇರಿ ಅದರಲ್ಲಿ ಒಂದನ್ನು ಕೊಳ್ಳಬೇಕಿತ್ತು. ಅವನ್ನು ತಂದ ಚೆನ್ನೈ ಕಂಪನಿಯ ಹುಡುಗ ಟೈ ಕಟ್ಟಿಕೊಂಡು ಬೆವರುತ್ತಿದ್ದ. ಒಳ್ಳೆಯ ಕುರ್ಚಿಯಲ್ಲಿ ಅಕ್ಕಿ ಮಿಲ್ಲಿನ ದುರೈಕಣ್ಣು ಕೂತು ಮೆದುವಡೆ ತಿನ್ನುತ್ತಿದ್ದ. ಸರ್ಕಾರಿ ಕಚೇರಿ ಯಂತ್ರ ಕೊಳ್ಳುವುದಕ್ಕೂ ಮಿಲ್ಲಿನವನಿಗೂ ಏನು ಸಂಬಂಧ ಎಂದು ಅಲ್ಲಿ ಯಾರೂ ಕೇಳಲಿಲ್ಲ. ವಡೆ ತರಿಸಿದವನು ಅವನೇ.

"ಇದು ಫೀಡರ್ ಇರೋದು ಸಾರ್," ಎಂದ ಹುಡುಗ. "ಹಾಳೆ ಜೋಡಿಸಿಟ್ರೆ ಸಾಕು, ತಾನೇ ಒಂದೊಂದಾಗಿ ಎಳ್ಕೊಳುತ್ತೆ. ನಿಮಿಷಕ್ಕೆ ಅರವತ್ತು."

ಹೊಸ ಬಿಳಿ ಹಾಳೆಗಳ ಕಟ್ಟನ್ನು ಅದರ ಬಾಯಿಗಿಟ್ಟ. ಯಂತ್ರ ಸರಸರನೆ ಎಳೆದುಕೊಂಡು ಆಚೆ ಉಗುಳಿತು. ಸಾಹೇಬರು ಮಗು ನಡೆದದ್ದು ಕಂಡವರಂತೆ ನಕ್ಕರು.

"ಇನ್ನೊಂದು ಮೇಲಿಂದ ಫೋಟೋ ತೆಗೆಯೋದು ಸಾರ್. ಪುಸ್ತಕ ಹಾಗೇ ಬಿಡಿಸಿ ಕೆಳಗಿಡಬೇಕು, ಕೈಯಲ್ಲಿ ಹಾಳೆ ಮಗುಚ್ಕೊಂಡು ಹೋಗ್ಬೇಕು. ಸ್ವಲ್ಪ ನಿಧಾನ."

"ನಿಧಾನ ಯಾವನಿಗೆ ಬೇಕಯ್ಯಾ," ಎಂದ ದುರೈಕಣ್ಣು. "ಫೀಡರ್ರೇ ತಗೊಳ್ಳಿ ಸಾಹೇಬ್ರೇ, ಕಣ್ಣು ಮುಚ್ಕೊಂಡು."

ತವಮಣಿಗೆ ತಡೆಯಲಾಗಲಿಲ್ಲ. "ಅಯ್ಯಾ, ಅದು ಬೇಡ. ಹಳೇ ಹಾಳೆ ಎಲ್ಲಾ ಹಪ್ಪಳ ಆಗೋಗಿದಾವೆ, ಎಳೆದ್ರೆ ಪುಡಿಪುಡಿ. ಹೊಲಿದಿರೋ ಪುಸ್ತಕ ಅದ್ರ ಬಾಯಿಗೆ ಹಿಡಿಯೋದೂ ಇಲ್ಲ. ನಮಗೆ ಆ ಮೇಲಿಂದ ನೋಡೋದೇ ಸರಿ."

"ಕೇಳಿದ್ರಾ!" ಸಾಹೇಬರು ಹೊಟ್ಟೆ ಕುಣಿಸಿ ನಕ್ಕರು. "ಕಸ ಹೊಡಿಯೋ ಮುಂಡೆ ಮಿಷನ್ ಆರಿಸ್ತಾಳೆ. ಬಾರೇ, ನನ್ನ ಕುರ್ಚಿ ಮೇಲೂ ನೀನೇ ಕೂತ್ಕೋ."

"ಅವರು ಹೇಳೋದು ಸರಿ ಸಾರ್," ಎಂದ ಹುಡುಗ ಮೆಲ್ಲಗೆ. "ಬೈಂಡ್ ಆಗಿರೋದಕ್ಕೆ ಫೀಡರ್..."

"ಬೈಂಡ್ ಕತ್ತರಿಸಿದ್ರೆ ಬಿಡಿ ಹಾಳೆ. ಅದಕ್ಕೇನು ದೊಡ್ಡ ವಿದ್ಯೆ?" ಸಾಹೇಬರು ಜವಾನನತ್ತ ತಿರುಗಿದರು. "ಏಳುಮಲೈ, ಅವಳಿಗೆ ಕಟರ್ ಕೊಡೋ. ಈಗಲೇ ಒಂದು ಪರೀಕ್ಷೆ ಮಾಡ್ಬಿಡಣ. ಆ ಕೀಳ್‌ವಯಲ್ ರಿಜಿಸ್ಟರ್ ತೆಗಿ."

ದುರೈಕಣ್ಣುವಿನ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಗಂಟನ್ನು ಮೇಜಿನ ಮೇಲೆ ಇಳಿಸುತ್ತಿದ್ದ ತವಮಣಿ ಅದನ್ನು ನೋಡಿದಳು.

ಕೀಳ್‌ವಯಲ್ ಅವಳದೇ ಊರು. ಬ್ರಿಟಿಷರ ಕಾಲದಲ್ಲಿ ಚೇರಿಯ ಮೂವತ್ತೊಂದು ಮನೆಗೆ ತಲಾ ಎರಡೆಕರೆ ಬರೆದುಕೊಟ್ಟಿದ್ದು ಆ ಪುಸ್ತಕದಲ್ಲಿತ್ತು. ಬೇರೆಯವರಿಗೆ ಮಾರುವಂತಿಲ್ಲ ಎಂದೂ ಬರೆದಿತ್ತು. ಈಗ ಆ ನೆಲದ ಮೇಲೆ ದುರೈಕಣ್ಣುವಿನ ಗೋದಾಮು, ಭತ್ತ ಒಣಗಿಸುವ ಸಿಮೆಂಟು ಕಣ. ದಾಖಲೆಯೇ ಇಲ್ಲ ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದ ಕಚೇರಿಯಲ್ಲಿ ಅದನ್ನು ಹೋದ ವರ್ಷ ಗೆದ್ದಲು ಹಿಡಿದ ಕಪಾಟಿನ ಹಿಂದೆ ಹುಡುಕಿ ತೆಗೆದವಳು ಅವಳೇ. ಸೋಮವಾರ ಕಲೆಕ್ಟರ್ ಮುಂದೆ ಆ ನೆಲದ ವಿಚಾರಣೆ ಇತ್ತು.

ಮೊದಲ ಪುಟದಲ್ಲಿ ಯಾವನೋ ಅಧಿಕಾರಿ ಬರೆದಿದ್ದ: ಈ ಪುಸ್ತಕದಲ್ಲಿ ಇನ್ನೂರ ಹನ್ನೆರಡು ಹಾಳೆಗಳಿವೆ. ಕೆಳಗೆ ಸಹಿ, ಹೊಲಿಗೆಯ ದಾರದ ಗಂಟಿನ ಮೇಲೆ ಅರಗಿನ ಮುದ್ರೆ. ದಾರ ಇರುವವರೆಗೂ ಯಾರಾದರೂ ಒಂದು ಹಾಳೆ ಕಿತ್ತರೆ ಬುಡ ಉಳಿದು ಕಳ್ಳತನ ಕಾಣುತ್ತದೆ. ದಾರ ಹೋದರೆ ಮಿಷನ್ ನುಂಗಿತು ಅಂದರಾಯಿತು. ಹರಿದದ್ದಕ್ಕೆ ಯಂತ್ರ ಹೊಣೆ, ಕತ್ತರಿಸಿದ್ದಕ್ಕೆ ತವಮಣಿ ಹೊಣೆ. ಈ ಯಂತ್ರ ದುರೈಕಣ್ಣುವಿಗೆ ಯಾಕೆ ಅಷ್ಟು ಇಷ್ಟವಾಯಿತು ಎಂದು ಅವಳಿಗೆ ಆಗ ಪೂರ್ತಿ ಅರ್ಥವಾಯಿತು.

"ಇದೊಂದು ಬೇಡ ಅಯ್ಯಾ. ಸೋಮವಾರ ಹೋಗ್ಬೇಕಾದ ಪುಸ್ತಕ. ಪರೀಕ್ಷೆಗೆ ರದ್ದಾದ ರಸೀದಿ ಪುಸ್ತಕ ಮೂಟೆಗಟ್ಲೆ ಇದಾವೆ, ತಂದುಕೊಡ್ತೀನಿ."

"ಯಾವುದು ಕತ್ತರಿಸ್ಬೇಕು ಅಂತ ನಿನ್ನ ಅಪ್ಪಣೆ ತಗೋಬೇಕೇನೇ ಲೌಡಿ?" ಸಾಹೇಬರು ಗಂಟಿನಿಂದ ಕೈಗೆ ಸಿಕ್ಕ ರಿಜಿಸ್ಟರೊಂದರ ಹಾಳೆಯನ್ನು ಪರ್‌ರನೆ ಹರಿದು ಬೆರಳಿನ ವಡೆ ಎಣ್ಣೆ ಒರೆಸಿಕೊಂಡರು. ಯಾರ ಹೊಲವೋ, ಯಾರ ಮನೆಯೋ, ಉಂಡೆಯಾಗಿ ಮೂಲೆಗೆ ಬಿತ್ತು. "ಕತ್ತರಿಸು. ಇಲ್ಲಾ ಅಂದ್ರೆ ನಾಳೆಯಿಂದ ಬರಬೇಡ."

ದುರೈಕಣ್ಣು ಎದ್ದು ಬಂದ. ದನಿ ಬೆಣ್ಣೆಯಾಗಿತ್ತು. "ತವಮಣಿ, ನಿನ್ನ ಕೆಲಸ ಖಾಯಂ ಮಾಡ್ಸೋದು ನನ್ನ ಜವಾಬ್ದಾರಿ ಕಣಮ್ಮಾ. ಎಷ್ಟು ವರ್ಷ ಅಂತ ಹಿಂಗೆ ಸಾಯ್ತೀಯಾ? ಒಂದು ದಾರ ತಾನೇ."

ಅವನ ಕಣದಲ್ಲಿ ಅವಳ ತಾಯಿ ಭತ್ತ ತುಳಿದು ಸವೆದಿದ್ದಳು. ಆ ಮನೆಯ ಬಾಯಲ್ಲಿ 'ಅಮ್ಮಾ' ಎಂಬುದು ಇವತ್ತೇ ಮೊದಲು. ಲೌಡಿ ಅನ್ನಿಸಿಕೊಂಡಾಗ ಆಗದಿದ್ದ ಹೇಸಿಗೆ ಅದನ್ನು ಕೇಳಿ ಆಯಿತು.

ಜವಾನ ಏಳುಮಲೈ ಚಾಚಿದ ಕಟರನ್ನು ಅವಳು ತೆಗೆದುಕೊಂಡಳು. ಸಾಹೇಬರು ಕುರ್ಚಿಗೆ ಒರಗಿದರು. ಅವಳು ಅದನ್ನು ಅವರ ಮುಂದಿದ್ದ ಚಟ್ನಿ ಬಟ್ಟಲಿಗೆ ಬಿಟ್ಟಳು. ಕೀಳ್‌ವಯಲ್ ಪುಸ್ತಕವನ್ನು ಎದೆಗೆ ಅವಚಿಕೊಂಡು ಕಿಟಕಿಯ ಬಳಿ ಹೋದಳು. ಹೊರಗೆ ಜಗಲಿಯ ಮೇಲೆ ಬೆಳಗಿನಿಂದ ಐವತ್ತು ಅರವತ್ತು ಜನ ಜಾತಿ ಪತ್ರಕ್ಕೆ, ಪಿಂಚಣಿಗೆ ಸಾಲು ನಿಂತಿದ್ದರು. ಎಂಟನೇ ತರಗತಿಯವರೆಗೆ ಓದಿದ್ದ ತವಮಣಿ ಪುಸ್ತಕ ಬಿಡಿಸಿ ಗಂಟಲು ಹರಿಯುವಂತೆ ಓದಿದಳು.

"ಕೀಳ್‌ವಯಲ್ ಚೇರಿ! ಸರ್ವೆ ನಂಬರ್ ನೂರ ಎಂಟು ಬಾರ್ ಒಂದು! ಎರಡೆಕರೆ! ಪಾವಾಡೈ, ತಂದೆ ಚಿನ್ನಾನ್!"

"ಏಯ್! ತಲೆ ಕೆಟ್ಟಿದೆಯೇನೇ? ಏಳುಮಲೈ, ಕಿಟಕಿ ಮುಚ್ಚೋ ಬೋಳಿಮಗನೇ!"

"ಬಾರ್ ಎರಡು! ಎರಡೆಕರೆ! ವೇಲಾಯಿ, ಗಂಡ ಕಾತ್ತಾನ್!"

ಸಾಲಿನಲ್ಲಿದ್ದ ಮುದುಕನೊಬ್ಬ ತಲೆ ಎತ್ತಿದ. "ಕಾತ್ತಾನ್ ನಮ್ಮ ತಾತ ಕಣವ್ವಾ! ಏನದು? ಗಟ್ಟಿಯಾಗಿ ಓದು!"

ಸಾಲು ಮುರಿದು ಜನ ಕಿಟಕಿಗೆ ಮುತ್ತಿದರು. ಚೆನ್ನೈ ಹುಡುಗ ಯಾರ ಮುಖವನ್ನೂ ನೋಡದೆ, ಮೇಲಿನಿಂದ ಫೋಟೋ ತೆಗೆಯುವ ಯಂತ್ರದ ವೈರನ್ನು ಸುತ್ತಿ ಡಬ್ಬಿಗೆ ತುಂಬತೊಡಗಿದ. ದುರೈಕಣ್ಣು ಪುಸ್ತಕಕ್ಕೆ ಕೈ ಹಾಕಿದ. ಅವಳು ಮೊಣಕೈಯಿಂದ ಅವನ ಎದೆಗೆ ತಿವಿದು ಮೂರನೆಯದನ್ನು ಓದಿದಳು, ನಾಲ್ಕನೆಯದನ್ನು ಓದಿದಳು.

ಏಳುಮಲೈ ಕಿಟಕಿಯ ಬಾಗಿಲನ್ನು ಎಳೆದ. ಅದು ಮುಚ್ಚಲಿಲ್ಲ. ಮುದುಕ ಸರಳುಗಳ ನಡುವೆ ಕೈ ತೂರಿಸಿ ಚೌಕಟ್ಟು ಹಿಡಿದಿದ್ದ. ಏಳುಮಲೈ ಸಾಹೇಬರ ಮುಖ ನೋಡಿ ಇನ್ನೊಂದು ಸಲ ಬಲವಾಗಿ ಎಳೆದ. ಬೆರಳ ಗೆಣ್ಣುಗಳ ಚರ್ಮ ಸುಲಿದು ರಕ್ತ ಮರದ ಮೇಲೆ ಇಳಿಯಿತು. ಕೈ ಹಿಂದಕ್ಕೆ ಹೋಗಲಿಲ್ಲ.

"ಓದವ್ವಾ," ಎಂದಿತು ಆಚೆಯ ದನಿ.

ತವಮಣಿ ಐದನೇ ಹೆಸರು ಓದಿದಳು.