ನೋಡಬೇಕಾದ ಸ್ಥಳಗಳು

ಹಂಚಿನ ಮೇಲೆ ರೊಟ್ಟಿ ಉಬ್ಬುವ ಹೊತ್ತಿಗೆ ಸರಿಯಾಗಿ ಭಾಗ್ಯಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಎರಡೂ ಕೈಯಿಂದ ಚೀಲ ಎತ್ತಲು ನೋಡುತ್ತಿದ್ದಳು.

"ಅವ್ವಾ, ಇದ್ಯಾಕ ಇಷ್ಟ ವಜ್ಜ ಐತಿ?"

"ನೀರಿನ ಬಾಟ್ಲಿ ಐತಿ. ಇಡಲ್ಲೆ."

"ಎಷ್ಟ್ ಬಾಟ್ಲಿ?"

ರಾಜಶ್ರೀ ಹಂಚಿನ ಕಡೆ ತಿರುಗಿದಳು. ರೊಟ್ಟಿ ಒಂದು ಕಡೆ ಕರಕಾಯಿತು. ಅದನ್ನು ತನ್ನ ಪಾಲಿಗೆ ತೆಗೆದಿಟ್ಟಳು.

ಚೀಲದಲ್ಲಿ ನಾಲ್ಕು ಜೊತೆ ಬಟ್ಟೆ, ಒಂದು ಚಾದರ, ಹೆಸರು ಕೊರೆಸಿದ ತಾಟು ಇದ್ದವು. ಸಂಜೆ ನಾಲ್ಕಕ್ಕೆ ಮಗಳನ್ನು ವಿಜಯಪುರದ ಹಾಸ್ಟೆಲ್ಲಿಗೆ ಸೇರಿಸಬೇಕಿತ್ತು. ಮಗಳಿಗೆ ಗೊತ್ತಿದ್ದದ್ದು ಇಷ್ಟೇ: ಊರು ನೋಡಲು ಹೋಗುತ್ತಿದ್ದೇವೆ.

ಎಂಟು ದಿನದಿಂದ ಹೇಳಬೇಕು, ಹೇಳಬೇಕು ಅಂದುಕೊಂಡೇ ಇದ್ದಳು. ಸಿಂದಗಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳಿಗೆ ನಡೆದುಹೋದದ್ದನ್ನು ಹೇಳುವುದು ರೂಢಿ. ಇನ್ನು ನಡೆಯಲಿರುವುದನ್ನು ಹೇಳಿ ಅಭ್ಯಾಸವಿರಲಿಲ್ಲ.

ಗಂಡ ತೀರಿಕೊಂಡು ನಾಲ್ಕು ವರ್ಷ. ಬರುವ ಸೋಮವಾರ ಇಂಡಿ ಊರಿನ ಅನಿಲನ ಜೊತೆ ರಜಿಸ್ಟರ್ ಮದುವೆ. ಅನಿಲ ಕೆಟ್ಟವನಲ್ಲ. ಫೋನ್ ಮಾಡಿದಾಗಲೆಲ್ಲ "ಊಟ ಆತೇನ್ರಿ?" ಎಂದು ಕೇಳುತ್ತಾನೆ. ಅವನ ತಾಯಿ ಕಸ್ತೂರೆವ್ವ ಮಾತ್ರ ಮೊದಲ ದಿನವೇ ಹೇಳಿಬಿಟ್ಟಿದ್ದಳು: "ರಜಿಸ್ಟರ್ ಅನ್ರಿ, ಏನರೆ ಅನ್ರಿ. ಗಂಡ ಸತ್ತಾಕಿ ಇನ್ನೊಬ್ಬನ ಸೀರಿ ಉಟ್ರ ಅದು ಉಡಕೀನ. ಉಡಕಿ ಆಗಿ ಬರಾಕಿ ಹಿಂದ ಕೂಸು ಬರಬಾರದು."

ಅನಿಲ ನೆಲ ನೋಡುತ್ತಿದ್ದ. ಮರುವಾರ ಹಾಸ್ಟೆಲ್ಲಿನ ಫಾರ್ಮು ಅವನೇ ತಂದುಕೊಟ್ಟ. ಅರ್ಧ ತುಂಬಿಸಿಯೂ ಇದ್ದ. ಅಕ್ಷರ ಚೆನ್ನಾಗಿತ್ತು.

ವಿಜಯಪುರದಲ್ಲಿ ಬಸ್ಸಿಳಿದು ಆಟೊ ಮಾಡಿಕೊಂಡರು. ಆಟೊದ ಬಂದೇನವಾಜ ಮಾತುಗಾರ.

"ಅಕ್ಕಾರ, ಈ ಊರಾಗ ಸತ್ತವ್ರ ಮನಿಗೋಳು ಭಾಳ ದೊಡ್ಡವು ನೋಡ್ರಿ. ಇದ್ದವ್ರು ನಾವು ಏಳು ಮಂದಿ, ಒಂದ ಖೋಲ್ಯಾಗ ಅದೇವಿ."

"ಜಗಳಾ ಆಗಂಗಿಲ್ಲೇನ್ರಿ ಮಾಮಾ?" ಭಾಗ್ಯಾ ಕೇಳಿದಳು.

"ದಿನಾ ಆಗ್ತಾವು ಬೇಟಾ. ಆದ್ರ ಸಿಟ್ಟ ಮಾಡ್ಕೊಂಡು ಹೋಗಾಕ ಜಾಗಾನ ಇಲ್ಲ. ಅಲ್ಲೇ ಮಕ್ಕೋತೇವಿ."

ಭಾಗ್ಯಾ ಬಿದ್ದು ಬಿದ್ದು ನಕ್ಕಳು. ರಾಜಶ್ರೀ ಹೊರಗೆ ನೋಡಿದಳು.

ಬಾರಾಕಮಾನಿನಲ್ಲಿ ಹೇಳಬೇಕೆಂದಿದ್ದಳು. ಕಪ್ಪು ಕಮಾನುಗಳು ಸೂರಿಲ್ಲದೆ ಬಿಸಿಲಿಗೆ ನಿಂತಿದ್ದವು.

"ಇದ್ಯಾಕ ಅರ್ಧಾ ಐತಿ?"

"ಕಟ್ಟಸಾಂವ ತೀರಕೊಂಡ."

"ಉಳದವ್ರು ಮುಗಸಬೇಕಿತ್ತಿಲ್ಲೊ?"

"ಉಳದವ್ರಿಗೆ ತಮ್ಮದು ಇರ್ತೈತಿ, ನಡಿ."

ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಇನ್ನೂ ಒಳ್ಳೆಯ ಸಮಯ ಸಿಕ್ಕಿತು. ಸುತ್ತ ಯಾರೂ ಇರಲಿಲ್ಲ. ರಾಜಶ್ರೀ ಗಂಟಲು ಸರಿಮಾಡಿಕೊಂಡು, ತೋಪಿಗೆ ಬೆಂಕಿ ಹಚ್ಚಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಜಿಗಿಯುತ್ತಿದ್ದನಂತೆ ಎಂದು ಹೇಳಿದಳು.

"ಮತ್ತ ಮುಂದ ನಿಂತವ್ರು?"

"ಅವ್ರಿಗೆ ತೊಟ್ಟಿ ಇರಲಿಲ್ಲ."

ಇಬ್ರಾಹಿಂ ರೋಜಾದ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿದರು. ಉಂಡಮೇಲೆ ಹೇಳಿದರಾಯಿತು. ಉಂಡಮೇಲೆ ಭಾಗ್ಯಾ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಬಾಯಿಯ ಅಂಚಿನಲ್ಲಿ ಶೇಂಗಾ ಹಿಂಡಿ ಅಂಟಿತ್ತು. ರಾಜಶ್ರೀ ಅದನ್ನು ಸೆರಗಿನಿಂದ ಒರೆಸಿದಳು, ನೊಣ ಓಡಿಸಿದಳು, ಗಡಿಯಾರ ನೋಡಿದಳು. ಇದಕ್ಕಿಂತ ಹೆಚ್ಚು ತಾಯಿಯಾಗಿ ತಾನು ಎಂದೂ ಇರಲಿಲ್ಲ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಯಿತು.

ಉಳಿದದ್ದು ಗೋಳಗುಮ್ಮಟ ಒಂದೇ.

ಮೆಟ್ಟಿಲು ಹತ್ತಿ ಮೇಲಿನ ಗ್ಯಾಲರಿಗೆ ಬಂದಾಗ ಮೂರೂ ಕಾಲು. ಕಾಲೇಜಿನ ಹುಡುಗರು ಕೂಗಿ ಕೂಗಿ ದಣಿದು ಕೂತಿದ್ದರು. ರಾಜಶ್ರೀ ಮಗಳಿಗೆ ವಿವರಿಸಿದಳು: ಇಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೂ ಸಾಕು, ಆಚೆ ಬದಿಯ ಗೋಡೆಗೆ ಕಿವಿ ಇಟ್ಟವರಿಗೆ ಒಂದೊಂದು ಅಕ್ಷರವೂ ಕೇಳುತ್ತದೆ.

"ನಾ ಆ ಕಡೆ ಹೋಗ್ತೇನಿ. ನೀ ಏನರೆ ಗುಟ್ಟು ಹೇಳು," ಎಂದು ಭಾಗ್ಯಾ ಓಡಿದಳು. ಅರ್ಧ ಸುತ್ತು ಹಾಕಿ, ಎದುರು ನಿಂತು, ಕೈ ಬೀಸಿ, ಕಿವಿಯನ್ನು ಗೋಡೆಗೆ ಒತ್ತಿದಳು.

ಆಗ ಫೋನ್ ಬಂತು. ಅನಿಲ.

ಹುಡುಗರಿಗೆ ಕೇಳಬಾರದೆಂದು ರಾಜಶ್ರೀ ಅವರಿಗೆ ಬೆನ್ನು ಮಾಡಿ ಗೋಡೆಯತ್ತ ತಿರುಗಿದಳು. ಸೆರಗು ಬಾಯಿಗೆ ಅಡ್ಡ ಹಿಡಿದು, ಆದಷ್ಟು ಮೆಲ್ಲಗೆ ಮಾತಾಡಿದಳು.

"ಹೂನ್ರಿ, ಆತು... ಇಲ್ರಿ, ಇನ್ನೂ ಹೇಳಿಲ್ಲ. ಹೇಳಿದ್ರ ಅಳ್ತಾಳ... ನಾಲ್ಕಕ್ಕ ಬಿಟ್ಟು ಬರ್ತೇನಿ... ಹೌದ್ರಿ, ಅವ್ವಾರಿಗೆ ಹೇಳ್ರಿ. ನಾ ಒಬ್ಬಾಕೀನ ಬರ್ತೇನಿ."

ಫೋನ್ ಇಟ್ಟಮೇಲೆ ತನ್ನ ಮೂಗಿನ ತುದಿಗೆ ತಾಗುವಷ್ಟು ಹತ್ತಿರವಿದ್ದ ಸುಣ್ಣದ ಗೋಡೆ ಅವಳಿಗೆ ಕಂಡಿತು.

ತಿರುಗಿದಳು.

ಆಚೆ ಬದಿಯಲ್ಲಿ ಭಾಗ್ಯಾ ಇನ್ನೂ ಕಿವಿ ಇಟ್ಟೇ ನಿಂತಿದ್ದಳು. ಇನ್ನೇನಾದರೂ ಬರಬಹುದೆಂದು ಕಾಯುವಂತಿತ್ತು. ಆಮೇಲೆ ಕಿವಿ ತೆಗೆದು, ಅಂಗೈಯಿಂದ ಅದನ್ನು ಒರೆಸಿಕೊಂಡು, ಕಟ್ಟೆಯ ಅಂಚಿಗೆ ಬಂದಳು. ಗೋಡೆಗೆ ಬಾಯಿಡಲಿಲ್ಲ. ಪಿಸುಗುಟ್ಟಲೂ ಇಲ್ಲ.

"ಅವ್ವಾ, ಯಾರನ್ನ ಬಿಟ್ಟು ಬರ್ತಿ?"

ಗುಮ್ಮಟ ಅದನ್ನು ಎತ್ತಿಕೊಂಡಿತು. ಮೊದಲ ಸಲ ಪೂರಾ ಬಂತು. ಮುಂದೆ ತುಂಡಾಗುತ್ತ ಬಂತು: ಬಿಟ್ಟು ಬರ್ತಿ, ಬರ್ತಿ, ಬರ್ತಿ, ಬರ್ತಿ.

ಕೂತಿದ್ದ ಹುಡುಗರು ಖುಷಿಯಾಗಿ ಚಪ್ಪಾಳೆ ತಟ್ಟಿದರು. ಅದನ್ನೂ ಗುಮ್ಮಟ ಏಳು ಸಲ ವಾಪಸು ಕೊಟ್ಟಿತು.