ದಮ್ ಕೊಟ್ಟ ಜರಿಗಿಡ

ನಮ್ಮ ಎರಡು ಕೋಣೆಯ ಮನೆಯಲ್ಲಿ ಕೂಲರ್ ಒಂದೇ. ಅದರ ಗಾಳಿ ನನಗಲ್ಲ, ಜರಿಗಿಡಕ್ಕೆ. ಏಪ್ರಿಲ್ ಬಿಸಿಲಿಗೆ ಹುಮನಾಬಾದಿಗೆ ಹುಮನಾಬಾದೇ ಹಪ್ಪಳವಾಗಿರುವಾಗ ಆ ಗಿಡ ಸ್ಟೂಲಿನ ಮೇಲೆ ಕೂತು ಹವಾ ತಿನ್ನುತ್ತದೆ. ಮನೆ ಯಜಮಾನ ದೇವಿಂದ್ರಪ್ಪ, ಅಂದರೆ ನಾನು, ಉಬ್ಬಸಕ್ಕೆ ಕೊಟ್ಟ ದಮ್ಮಿನ ಪಂಪು ಬಾಯಿಗಿಟ್ಟುಕೊಂಡು ಮೂಲೆ ಹಿಡಿದಿರುತ್ತೇನೆ.

ಗಿಡ ಮಗಳು ಸರಿತಾಳದು. ಬಸವಕಲ್ಯಾಣದ ಅಂಗಡಿಕಾರರ ಹುಡುಗ ಬಸವಕಿರಣನನ್ನು ಅವಳು ಮೆಚ್ಚಿದಳು. ಅವರು ಲಿಂಗಾಯತರು, ನಾವು ಬೌದ್ಧರು. ಆ ಮನೆಗೂ ಬೇಡ, ಈ ಮನೆಗೂ ಬೇಡ. ಅವನನ್ನೇ ಮದುವೆಯಾಗಲು ಹೊರಟು ನಿಂತವಳಿಗೆ ನನ್ನ ಹೆಂಡತಿ ರತ್ನಮಾಲಾ, "ಇನ್ನ ಈ ಹೊಸ್ತಿಲ ತುಳೀಬ್ಯಾಡ" ಎಂದಳು. ಸರಿತಾ ಎರಡೂ ಕೈಯಲ್ಲಿ ಚೀಲ ಹಿಡಿದಿದ್ದಳು. ಗಿಡದ ಕಡೆ ನೋಡಿ, "ಇದಕ್ಕ ಜರಾ ದಮ್ ಕೊಡವ್ವ" ಎಂದಷ್ಟೇ ಹೇಳಿ ಹೋದಳು. ತಾಯಿ ಮಗಳ ನಡುವೆ ಮಾತು ಅಲ್ಲಿಗೇ ನಿಂತಿತು.

ರತ್ನಮಾಲಾ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಅವಳಿಗೆ ದಮ್ ಎಂದರೆ ಅನ್ನದ ಪಾತ್ರೆಗೆ ಮುಚ್ಚಳ ಬಿಗಿದು ಹಬೆಯನ್ನು ಒಳಗೇ ಕೂಡಿಹಾಕುವುದು. ಗಿಡಕ್ಕೂ ಹಾಗೆಯೇ ಮಾಡಿದಳು. ಕಿಟಕಿ ಮುಚ್ಚಿ ಸಂದಿಗಳಿಗೆ ಚಿಂದಿ ತುರುಕಿದಳು. ಕುಂಡದ ಸುತ್ತ ಹಸಿ ಗೋಣಿತಟ್ಟು ಸುತ್ತಿ, ಹೋಗುತ್ತ ಬರುತ್ತ ನೀರು ಚಿಮುಕಿಸಿದಳು. ಗೋಡೆಗೆ ಕಪ್ಪು ಬೂಸು ಹಿಡಿಯಿತು. ಹೊದ್ದ ಚಾದರವೂ ಹಸಿ ವಾಸನೆ ಹೊಡೆಯತೊಡಗಿತು.

ಧಾನ್ಯದ ಮಂಡಿಯಲ್ಲಿ ತೊಗರಿ ಚೀಲ ಹೊತ್ತು, ಅದರ ದೂಳು ಕುಡಿದು ನನಗೆ ದಮ್ಮು ಹತ್ತಿದ್ದು ಹಳೆಯ ಮಾತು. ಈಗ ಅದು ಎದೆಯ ಮೇಲೆ ಹತ್ತಿ ಕೂತಿತು. "ಮನ್ಯಾಗ ತೇವ ಅದೇನ್ರಿ?" ಎಂದು ಡಾಕ್ಟರ್ ಕೇಳಿದರು. "ಇಲ್ರಿ" ಎಂದೆ. ಹೌದೆಂದರೆ ಕಿಟಕಿ ತೆರೆಯಬೇಕು, ಕಿಟಕಿ ತೆರೆದರೆ ಗಿಡ ಒಣಗುತ್ತದೆ. ಮಗಳಿಗೆ ಹೇಳದ ಮಾತನ್ನೆಲ್ಲ ರತ್ನಮಾಲಾ ಆ ಗಿಡಕ್ಕೆ ಹೇಳುವುದನ್ನು ನಾನು ಕೇಳಿದ್ದೆ. ಅದೂ ಹೋದರೆ ಅವಳೇನಾಗುತ್ತಾಳೋ ಎಂದು ನನಗೆ ಹೆದರಿಕೆಯಿತ್ತು.

ಆದರೆ ಗಿಡವೂ ಸುಖವಾಗಿರಲಿಲ್ಲ. ಎಲೆ ಹಳದಿಯಾಗಿ, ನಡುವಿನ ಸುಳಿ ಕಪ್ಪಿಟ್ಟು ಕೊಳೆಯತೊಡಗಿತ್ತು. ಮೊನ್ನೆ ಮಂಚದಿಂದ ಬಾಗಿಲಿಗೆ ಹೋಗುವಷ್ಟರಲ್ಲಿ ನಾನು ಗೋಡೆ ಹಿಡಿದು ಕುಸಿದೆ. ಹೀಗಾದರೆ ಗಿಡ, ನಾನು ಇಬ್ಬರೂ ಉಳಿಯುವುದಿಲ್ಲ ಅನ್ನಿಸಿತು. ಹೆಂಡತಿ ಶಾಲೆಗೆ ಹೋದ ಮೇಲೆ ಕುಂಡಕ್ಕೆ ಒದ್ದೆ ಟವೆಲ್ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸವಕಲ್ಯಾಣದ ಬಸ್ಸಿನಲ್ಲಿ ಕೂತೆ.

ಬಾಗಿಲು ತೆರೆದ ಸರಿತಾ ನನ್ನನ್ನು ನೋಡಿದಳು, ಕುಂಡವನ್ನು ನೋಡಿದಳು. ಎದೆಯ ಸಿಳ್ಳೆ ಕೇಳಿ ಕೈಹಿಡಿದು ಒಳಗೆ ಕೂರಿಸಿದಳು. ಅಳಿಯ ಅಂಗಡಿಗೆ ಹೋಗಿದ್ದ. ಅವಳು ಸುಳಿಗೆ ಬೆರಳು ತಾಕಿಸಿದಳು. ಮೆತ್ತಗೆ ಕಿತ್ತು ಬಂತು.

"ಇದಕ್ಕ ಏನ್ ಮಾಡೀರಪ್ಪ?"

"ನೀ ಹೇಳಿದಂಗ ದಮ್ ಕೊಟ್ಟೀವಿ. ಖಿಡಕಿ ಮುಚ್ಚಿ, ಕೂಲರ್ ಹಚ್ಚಿ, ಅನ್ನಕ್ಕ ಕೊಟ್ಟಂಗ."

ಸರಿತಾ ಅಲ್ಲೇ ನೆಲದ ಮೇಲೆ ಕೂತಳು. "ದಮ್ ಕೊಡು ಅಂದ್ರ ಉಸುರಾಡಾಕ ಬಿಡು ಅಂತಪ್ಪ. ಮ್ಯಾಲಿಂದ ಮ್ಯಾಲೆ ನೀರ ಹಾಕಬ್ಯಾಡ, ಗಾಳಿ ಆಡಲಿ ಅಂತ."

"ಗಿಡಕ್ಕಷ್ಟೇ ಅಂದಿದ್ದೇನು, ನಿನಗೂ ಸೇರಿಸೇನು?" ಎಂದೆ.

ಅವಳು ಕುಂಡಕ್ಕೆ ಸುತ್ತಿದ ಒದ್ದೆ ಟವೆಲ್ ಬಿಚ್ಚತೊಡಗಿದಳು. ಸಿಟ್ಟು ಬಂತು ನನಗೆ, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಒಂದು ಮಾತನ್ನು ಬಿಡಿಸಿ ಹೇಳಿದ್ದರೆ, ಒಂದು ಮಾತನ್ನು ತಿರುಗಿ ಕೇಳಿದ್ದರೆ ಸಾಕಿತ್ತು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ರತ್ನಮಾಲಾ. ನಾನು ಸ್ಪೀಕರ್ ಒತ್ತಿ ಮಗಳ ಕೈಗೆ ಕೊಟ್ಟೆ.

"ಗಿಡ ಎಲ್ಲಿ ಒಯ್ದೀರ್ರಿ?" ಶಾಲೆಯಿಂದ ಬಂದವಳು ಖಾಲಿ ಸ್ಟೂಲು ನೋಡಿದ್ದಳು. "ಹೊಸ್ತಿಲ ತುಳೀಬ್ಯಾಡ ಅಂದಾಕಿ ನಾ. ಈಗ ಬಾ ಅನ್ನಾಕ ಬಾಯಿಲ್ಲ ನನಗ. ಗಿಡ ಒಯ್ಯಾಕರೆ ಬರ್ತಾಳ ಅಂತ ಜೀವ ಹಿಡ್ಕೊಂಡಿದ್ದೆ. ಇನ್ನ ಯಾವ ನೆವಕ್ಕ ಬರ್ತಾಳ್ರಿ ಅಕಿ?"

ಸರಿತಾ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ಬಿಕ್ಕುತ್ತ ಎಳೆದೆಳೆದು ಉಸಿರು ಬಿಡತೊಡಗಿದಳು.

ಆ ಕಡೆಯಿಂದ ರತ್ನಮಾಲಾಳ ದನಿ ಒಮ್ಮೆಲೇ ಮೆತ್ತಗಾಯಿತು. "ದಮ್ಮ ಹತ್ತಿತೇನ್ರಿ? ಮಾತಾಡಬ್ಯಾಡ್ರಿ. ಗಿಡ ಹ್ವಾದ್ರ ಹೋಗಲಿ. ಸುಮ್ಮ ಕೂಡ್ರಿ, ಜರಾ ದಮ್ ತಗೋರಿ. ನಾ ಕೇಳಾಕತ್ತೇನಿ."

ಅದು ನನ್ನ ಉಸಿರಲ್ಲ, ಮಗಳದು ಎಂದು ಹೇಳುವ ಬದಲು ನಾನು ಫೋನನ್ನು ಅವಳ ಬಾಯಿಗೆ ಇನ್ನಷ್ಟು ಹತ್ತಿರ ಸರಿಸಿದೆ.