ಅರವತ್ತರ ಎಡಗಡೆ

ಗೋಣಿಬಟ್ಟೆಯಲ್ಲಿ ಕಾಂಡ ಹಿಡಿದು ಒಮ್ಮೆ ಎಳೆದರೆ ಸಾಕು, ಕೆಳಗಿನ ಎಲೆಗಳೆಲ್ಲ ಮುಳ್ಳಿನ ಸಮೇತ ಸರ್ರನೆ ಬರುತ್ತವೆ, ಬಾಯಿ ಬಿಡದೆ ಎಳೆಯುತ್ತಿದ್ದೇನೆ, ಒಂದೊಂದೇ ಹೂವು ಬಕೆಟ್ಟಿನ ನೀರಿಗೆ, ನಾನು ಕೆಲಸಕ್ಕೆ ಹೋಗುವ ಗುಲಾಬಿ ಶೆಡ್ಡಿನವರು ಡೊಂಕು ಎಂದು ಬಿಟ್ಟ ಹೂವುಗಳು, ಡೊಂಕಾದರೇನು, ಕೆಂಪು ಕೆಂಪೇ — ಜಗಲಿಯ ಮೇಲೆ ತಂಗಿ ಸೌಮ್ಯ, ಅವಳ ಕಾಲೇಜಿನ ಸಿಂಚನಾ, ಇಬ್ಬರ ನಡುವೆ ನನ್ನ ಐದು ಹೂವು. ಅಕ್ಕ, ಮೂವತ್ತರಿಂದ ಎಪ್ಪತ್ತರ ತನಕ ಹತ್ತತ್ತು ಸೆಂಟಿಮೀಟರ್ ಏರ್ಸಿ ಐದು ಕಾಂಡ ಅಳ್ದು ಕೊಡೇ ಅಂದಳು ಸೌಮ್ಯ, ಅಳೆಯುವುದೇನು, ಆರು ವರ್ಷ ಶೆಡ್ಡಿನಲ್ಲಿ ಉದ್ದ ನೋಡಿ ನೋಡಿ ವಿಂಗಡಿಸಿ ನನ್ನ ಕಣ್ಣೇ ಅಳತೆಪಟ್ಟಿ. ಈಗ ಅವು ಸೌಮ್ಯಳ ಕಂಪ್ಯೂಟರ್ ಪಾಠದ ಮರವಂತೆ, ಬೇರು ಮೇಲೆ, ಕೊಂಬೆ ಕೆಳಗೆ, ನನಗೆ ನಗು — ತುದಿಯಲ್ಲಿ ಅರವತ್ತು, ಗಿಡ್ಡವು ಎಡಕ್ಕೆ, ಉದ್ದವು ಬಲಕ್ಕೆ, ಬಲಕ್ಕೆ ಎಪ್ಪತ್ತು, ಎಡಕ್ಕೆ ನಲವತ್ತು, ನಲವತ್ತರ ಕೆಳಗೂ ಅದೇ ನ್ಯಾಯ, ಎಡಕ್ಕೆ ಮೂವತ್ತು, ಬಲಕ್ಕೆ ಐವತ್ತು. ಇದನ್ನು ನಲವತ್ತೈದಕ್ಕೆ ಸೀಳಬೇಕು, ಅದಕ್ಕಿಂತ ಗಿಡ್ಡವು ಒಂದು ಮರ, ಉದ್ದವು ಇನ್ನೊಂದು. ಇವತ್ತು ಹತ್ತು ಗಂಟೆಗೆ ಪರೀಕ್ಷೆ, ಸೌಮ್ಯ ಎರಡು ಸಲ ಇದರಲ್ಲೇ ಫೇಲಾಗಿದ್ದಾಳೆ, ಈ ಸಲವೂ ಹೋದ್ರೆ ಓದು ಸಾಕು, ನಿನ್ ಜೊತೆ ಶೆಡ್ಡಿಗೇ ಬತ್ತೀನಿ ಎಂದು ನಗುತ್ತಲೇ ಹೇಳಿದಳು, ನನಗೆ ಆಗ ಮಾತ್ರ ನಗು ಬರಲಿಲ್ಲ.

ಸೌಮ್ಯ ನಲವತ್ತನ್ನು ಎತ್ತುತ್ತಾಳೆ, ಜೊತೆಗೆ ಮೂವತ್ತು, ಐವತ್ತು, ಮೂರನ್ನೂ ಒಟ್ಟಿಗೇ, ಎಲ್ಲಿಂದ ಬಂತು ಈ ಅಭ್ಯಾಸ ಎಂದು ನನಗೆ ಗೊತ್ತು, ರಜೆಯಲ್ಲಿ ಶೆಡ್ಡಿಗೆ ಬಂದವಳಿಗೆ ರಬ್ಬರ್ ಹಾಕಿದ ಕಟ್ಟು ಬಿಚ್ಚಬಾರದು, ಎತ್ತಿದರೆ ಇಡೀ ಕಟ್ಟೇ ಎತ್ತಬೇಕು ಎಂದು ಕಲಿಸಿದವಳು ನಾನೇ. ಐವತ್ತು ಯಾವಾಗ್ಲೇ ನಲವತ್ತೈದಕ್ಕಿಂತ ಗಿಡ್ಡ ಆಯ್ತು ಎಂದು ಸಿಂಚನಾ, ಸೌಮ್ಯ ಐವತ್ತನ್ನು ಕಿತ್ತು ನಡುವೆ ಒಂಟಿಯಾಗಿ ಇಡುತ್ತಾಳೆ, ಮತ್ತೆ ಸಿಂಚನಾ, ಎರಡು ಮರ ಮಾಡೇ ಅಂದ್ರೆ ಮೂರು ಮಾಡವ್ಳೆ, ಹಿಂಗೇ ಬಿಟ್ರೆ ತೋಪೇ ಮಾಡ್ತಾಳೆ ಇವ್ಳು — ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ, ನನಗೆ ಕಾಣುವುದು ಒಂದೇ, ನಲವತ್ತು ಎದ್ದುಹೋದ ಜಾಗ, ಅರವತ್ತರ ಎಡಗಡೆ ಖಾಲಿ. ಹೇಳಲೇ, ಸಿಂಚನಾ ಎದುರಿಗೆ ಹೇಗೆ, ಎಂಟನೇ ಕ್ಲಾಸಿನಲ್ಲೂ ಉತ್ತರ ಗೊತ್ತಿದ್ದು ಕೈ ಎತ್ತದವಳು ನಾನು, ಆಮೇಲೆ ಕ್ಲಾಸೇ ಇರಲಿಲ್ಲ. ಎಪ್ಪತ್ತನ್ನು ಮುಟ್ಟಬೇಕಿಲ್ಲ, ಮೂವತ್ತನ್ನೂ, ಮೇಲಿಂದ ಒಂದೇ ದಾರಿ ಇಳಿದರಾಯಿತು, ಅರವತ್ತು ಉದ್ದದ ಕಡೆಗೆ, ನಲವತ್ತು ಗಿಡ್ಡದ ಕಡೆಗೆ, ಐವತ್ತು ಮತ್ತೆ ಉದ್ದದ ಕಡೆಗೆ, ಅಲ್ಲಿ ಜಾಗ ಕಾಯುತ್ತಿದೆಯಲ್ಲ — ನನ್ನ ಒದ್ದೆ ಕೈ ತಾನೇ ಹೋಗಿ ಐವತ್ತನ್ನು ಅರವತ್ತರ ಎಡಗಡೆ ಇಟ್ಟುಬಿಟ್ಟಿತು, ಹಿಂದೆಯೇ ಬಾಯಿ, ಕಟ್ಟು ಬಿಚ್ಬೌದು ಸೌಮ್ಯ, ಇಳಿಯೋ ದಾರೀಲಿ ಸಿಕ್ಕಿದ್ದನ್ನಷ್ಟೇ.

ಗೋಣಿಬಟ್ಟೆ ಎತ್ತಿಕೊಂಡು ಮತ್ತೆ ಎಲೆ ಎಳೆಯುವುದಕ್ಕೆ ತಿರುಗಿದೆ, ಹಿಂದಿನಿಂದ ಸೌಮ್ಯ, ಹಂಗಾದ್ರೆ ಐವತ್ತೈದಕ್ಕೆ ಸೀಳಿದ್ರೆ ಐವತ್ತು ನಲವತ್ತರ ಜೊತೇಲೇ ಇರ್ಬೇಕು, ಬಿಚ್ಚೋದೇ ಬ್ಯಾಡ, ಅಲ್ವೇನೇ ಅಕ್ಕ — ಸಿಕ್ಕಿತು ಅವಳಿಗೆ, ಸಿಕ್ಕಿಬಿಟ್ಟಿತು, ಸಿಂಚನಾ ನನ್ನನ್ನು ನೋಡಿ ಅಕ್ಕ ನೀವ್ಯಾವ ಕಾಲೇಜು ಅನ್ನುತ್ತಾಳೆ, ಅಣಕವಿಲ್ಲ, ನಿಜಕ್ಕೂ ಕೇಳುತ್ತಿದ್ದಾಳೆ, ಅಷ್ಟರಲ್ಲಿ ಅವಲಪಲ್ಲಿ ತಿರುವಿನಲ್ಲಿ ಬಸ್ಸಿನ ಹಾರ್ನ್, ಚಪ್ಪಲಿ, ಬ್ಯಾಗು, ಸೌಮ್ಯ ಬಗ್ಗಿ ಐವತ್ತನ್ನು ಎತ್ತಿ ಕಾಂಡ ಪಟ್ಟನೆ ಮುರಿದು ಜಡೆಗೆ ಸಿಕ್ಕಿಸಿಕೊಂಡು ಓಡಿದಳು, ಕೆಂಪು ಹೂವು ಬೆನ್ನ ಮೇಲೆ ಕುಣಿಯುತ್ತ ಕುಣಿಯುತ್ತ, ಕೈ ಎತ್ತಿದ್ದೇನೆ, ಎಂಟನೇ ಕ್ಲಾಸಿನಲ್ಲಿ ಎತ್ತದ ಕೈ, ಗಟ್ಟಿಯಾಗಿಯೇ ಹೇಳುತ್ತೇನೆ, ಸೌಮ್ಯ, ಸಾಯಂಕಾಲ ಮುಂದಿನ ಪಾಠ ನಂಗೂ ಹೇಳ್ಕೊಡೇ — ಬಸ್ಸು ಹೋಗಿದೆ, ಜಗಲಿಯ ಮೇಲೆ ನಾಲ್ಕು ಹೂವು, ಅರವತ್ತರ ಎಡಗಡೆ ಖಾಲಿ.